ಮನೆಯ ಬಿಯರ್‌ಗೆ ಬಾಟಲಿ ಸಿದ್ಧ ಮಾಡುವುದು: ತೊಳೆಯುವುದರಿಂದ ಮುಚ್ಚಳ ಒತ್ತುವವರೆಗೆ

ಒಂದು ಪಾತ್ರೆ ಹಾಲಿಗೆ ಅರ್ಧ ಚಮಚ ಮೊಸರು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಅಷ್ಟೂ ಹೆಪ್ಪಾಗಿರುತ್ತದೆ. ಸರಿಯಾಗಿ ತೊಳೆಯದ ಬಾಟಲಿಗೆ ಬಿಯರ್ ತುಂಬಿದಾಗ ಆಗುವುದೂ ಇದೇ. ತಳದಲ್ಲಿ ಒಣಗಿ ಅಂಟಿಕೊಂಡ ಹಳೆಯ ಗಸಿಯೇ ಹೆಪ್ಪು. ಹಾಲಿಗೆ ಒಂದು ರಾತ್ರಿ ಸಾಕು, ಬಿಯರ್‌ಗೆ ಕೆಲವು ವಾರ ಬೇಕು. ಗೊತ್ತಾಗುವ ಹೊತ್ತಿಗೆ ಬಾಟಲಿಯಿಂದ ಹುಳಿ ವಾಸನೆ ಬರುತ್ತಿರುತ್ತದೆ.

ನಾನಿರುವುದು ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಇಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳುವವರು ಜಾಸ್ತಿ. ಅದಕ್ಕೆ ಅವಕಾಶ ಕೊಟ್ಟ ಫೆಡರಲ್ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ. ಮಾರುವಂತಿಲ್ಲ. ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು: ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅಲ್ಲಿ ಬಿಯರ್ ತಯಾರಿಸುವಂತಿಲ್ಲ. ಆದರೆ ಚಹಾವನ್ನು ಹುದುಗಿಸಿ ಮಾಡುವ ಕೊಂಬುಚಾಗೋ, ಗಾಜಿನ ಬಾಟಲಿಯಲ್ಲಿ ಹುದುಗಿಸಿಡುವ ಶುಂಠಿ ಪಾನೀಯಕ್ಕೋ ಬಾಟಲಿ ತೊಳೆಯುವ ಕ್ರಮ ಇದೇ.

ನನ್ನ ಎರಡನೇ ಬ್ಯಾಚ್ ಪೇಲ್ ಏಲ್ ಎಂಬ ಬಗೆಯ ಬಿಯರ್. ಐವತ್ತು ಬಾಟಲಿ ತುಂಬಿದ್ದೆ. ಮೊದಲ ಮೂವತ್ತೆಂಟು ಬಾಟಲಿ ಚೆನ್ನಾಗಿದ್ದವು. ಉಳಿದ ಹನ್ನೆರಡು, ಒಬ್ಬ ಗೆಳೆಯ ಗ್ಯಾರೇಜಿನಲ್ಲಿ ಕೂಡಿಟ್ಟು ಕೊಟ್ಟ ಬಾಟಲಿಗಳು. ಅವನ್ನೂ ನೀರಲ್ಲಿ ಎರಡು ಸಲ ಕುಲುಕಿ, ಸ್ಯಾನಿಟೈಸರ್‌ನಲ್ಲಿ ಮುಳುಗಿಸಿಯೇ ತುಂಬಿದ್ದೆ. ಆರು ವಾರದ ನಂತರ ಒಂದನ್ನು ತೆರೆದಾಗ ನೊರೆ ಉಕ್ಕಿ, ಅರ್ಧ ಬಿಯರ್ ಸಿಂಕಿಗೆ ಹೋಯಿತು. ಉಳಿದದ್ದರ ರುಚಿ ಹುಳಿ ಮಜ್ಜಿಗೆಯ ಹಾಗಿತ್ತು. ಖಾಲಿ ಬಾಟಲಿಯ ತಳಕ್ಕೆ ಮೊಬೈಲ್ ಟಾರ್ಚ್ ಹಿಡಿದು ಬಾಯಿಂದ ಇಣುಕಿದೆ. ಅಂಚಿನ ಸುತ್ತ ಬೆರಳುಗುರಿನಷ್ಟು ಅಗಲದ ಕಂದು ಚಕ್ಕೆಗಳು ಕಂಡವು. ಹಳೆಯ ಗಸಿ ಒಣಗಿ, ಅದರ ಮೇಲೆ ಬೂಷ್ಟು ಬಂದು, ಮತ್ತೆ ಒಣಗಿ ಗಾಜಿಗೆ ಅಂಟಿತ್ತು. ಸ್ಯಾನಿಟೈಸರ್ ಅದರ ಮೇಲೆ ಹರಿದುಹೋಗಿತ್ತು, ಒಳಗೆ ಇಳಿದಿರಲಿಲ್ಲ. ಹನ್ನೆರಡೂ ಬಾಟಲಿ ಚೆಲ್ಲಿದೆ. ತುಂಬಾ ಬೇಜಾರಾಯಿತು.

ಅವತ್ತು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ

ತೊಳೆಯುವುದು ಎಂದರೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ಕೊಳೆಯನ್ನು ಗಾಜಿನಿಂದ ಬಿಡಿಸುವುದು. ಸ್ಯಾನಿಟೈಸ್ ಮಾಡುವುದು ಎಂದರೆ ತೊಳೆದ ಗಾಜಿನ ಮೇಲೆ ಉಳಿದ ಸೂಕ್ಷ್ಮಜೀವಿಗಳನ್ನು ಬಿಯರ್‌ಗೆ ತೊಂದರೆ ಕೊಡದಷ್ಟು ಕಡಿಮೆ ಮಾಡುವುದು. ಪೂರ್ತಿ ನಿರ್ಜೀವ ಮಾಡುವುದು ಮೂರನೆಯ ಹಂತ, ಮನೆಯ ಬಿಯರ್‌ಗೆ ಅಷ್ಟೆಲ್ಲ ಬೇಕಿಲ್ಲ. ನಮ್ಮ ಯೀಸ್ಟ್ ಈಗಾಗಲೇ ಕೋಟಿಗಟ್ಟಲೆ ಇರುತ್ತದೆ. ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂ), ಆಲ್ಕೋಹಾಲ್, ಬಿಯರ್‌ನ ಹುಳಿ ಗುಣ ಮೂರೂ ನಮ್ಮ ಪರವಾಗಿ ಕೆಲಸ ಮಾಡುತ್ತವೆ.

ಆದರೂ ಇದನ್ನೆಲ್ಲ ತಡೆದುಕೊಂಡು ಬದುಕುವ ಕೆಲವು ಇವೆ. ಲ್ಯಾಕ್ಟೋಬ್ಯಾಸಿಲಸ್ ಹುಳಿ ಮಾಡುತ್ತದೆ. ಪೀಡಿಯೋಕಾಕಸ್ ಹುಳಿಯ ಜೊತೆ ಬೆಣ್ಣೆಯ ವಾಸನೆಯನ್ನೂ, ಕೆಲವೊಮ್ಮೆ ಲೋಳೆಯನ್ನೂ ಕೊಡುತ್ತದೆ. ಬ್ರೆಟನೊಮೈಸಿಸ್‌ನಂಥ ಕಾಡು ಯೀಸ್ಟ್ ಇನ್ನೂ ಕಷ್ಟ. ನಮ್ಮ ಯೀಸ್ಟ್ ತಿನ್ನಲಾರದೆ ಬಿಟ್ಟ ಸಕ್ಕರೆಯನ್ನೂ ಅದು ನಿಧಾನವಾಗಿ ತಿನ್ನುತ್ತದೆ. ಬಾಟಲಿಯೊಳಗೆ ಅನಿಲ ಏರುತ್ತಲೇ ಹೋಗುತ್ತದೆ. ಆಗ ಬಾಟಲಿ ಉಕ್ಕಬಹುದು, ಒಡೆಯಲೂಬಹುದು. ರುಚಿ ಕೆಟ್ಟರೆ ಚೆಲ್ಲಿದರಾಯಿತು, ಸಿಡಿದ ಗಾಜು ಕಣ್ಣಿಗೆ ಬಿದ್ದರೆ ಏನು ಮಾಡುವುದು? ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಯಾವ ಬಾಟಲಿ ಇಟ್ಟುಕೊಳ್ಳಬೇಕು

19 ಲೀಟರ್, ಅಂದರೆ ಐದು ಗ್ಯಾಲನ್ ಬ್ಯಾಚಿಗೆ 355 ಮಿ.ಲೀ.ನ ಸುಮಾರು ಐವತ್ತು ಬಾಟಲಿ ಬೇಕು. 22 ಔನ್ಸಿನ ದೊಡ್ಡ ಬಾಟಲಿಯಾದರೆ ಮೂವತ್ತರ ಒಳಗೆ ಮುಗಿಯುತ್ತದೆ. ಅದು ನಮ್ಮ ಕರ್ನಾಟಕದ 650 ಮಿ.ಲೀ. ಬಾಟಲಿಯ ಅಳತೆಯೇ. ತೊಳೆಯುವ ಕೆಲಸ ಅರ್ಧ ಆಗುವುದರಿಂದ ನನಗೆ ದೊಡ್ಡವೇ ಇಷ್ಟ.

ಕಂದು ಗಾಜಿನವನ್ನೇ ಆರಿಸಿ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ಕೆಟ್ಟ ವಾಸನೆ ಬರುತ್ತದೆ. ಕಂದು ಗಾಜು ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಮತ್ತು ಬಿಳಿ ಗಾಜು ತಡೆಯುವುದಿಲ್ಲ. ಕೈಯಿಂದ ತಿರುಗಿಸಿ ತೆರೆಯುವ, ಬಾಯಲ್ಲಿ ತಿರುಪಿನ ಗೆರೆ ಇರುವ ಬಾಟಲಿ ಬೇಡ. ಮುಚ್ಚಳ ಒತ್ತುವ ಕೈ ಸಾಧನ, ಅಂದರೆ ಕ್ಯಾಪರ್‌ನಲ್ಲಿ, ಅದಕ್ಕೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಕೊನೆಗೆ ಬಾಯಿಯ ಸುತ್ತ ಉಗುರು ಆಡಿಸಿ ನೋಡಿ. ಎಲ್ಲಾದರೂ ತಟ್ಟಿದರೆ ಅಲ್ಲಿ ಚಕ್ಕೆ ಎದ್ದಿದೆ ಎಂದರ್ಥ. ಅಂಥ ಬಾಟಲಿ ಕ್ಯಾಪರ್ ಒತ್ತಿದಾಗ ಬಿರಿಯಬಹುದು. ತಕ್ಷಣ ಬಿಸಾಕಿ.

ಆರೆಗಾನ್‌ನಲ್ಲಿ ಖಾಲಿ ಬಾಟಲಿ ವಾಪಸ್ ಕೊಟ್ಟರೆ 10 ಸೆಂಟ್ಸ್ ಸಿಗುತ್ತದೆ. ಅಮೆರಿಕದಲ್ಲಿ ಮೊದಲು ಇಂಥ ಕಾನೂನು ಮಾಡಿದ್ದೇ ಈ ರಾಜ್ಯ, 1971ರಲ್ಲಿ. ಗೆಳೆಯರು ಆ ದುಡ್ಡು ಬಿಟ್ಟು ನನಗೆ ಬಾಟಲಿ ಎತ್ತಿಡುತ್ತಾರೆ. ಅವರಿಗೆ ನಾನು ಕೇಳುವುದು ಒಂದೇ: ಕುಡಿದ ಕೂಡಲೇ ಬಿಸಿನೀರಲ್ಲಿ ಮೂರು ಸಲ ಕುಲುಕಿ ಚೆಲ್ಲಿ, ತಲೆಕೆಳಗಾಗಿ ನಿಲ್ಲಿಸಿ.

ಈ ಒಂದು ನಿಮಿಷದ ಕೆಲಸವೇ ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು. ಹಸಿ ಗಸಿ ಸುಮ್ನೆ ನೀರಿಗೇ ಬಿಡುತ್ತದೆ, ಅದೇ ಎರಡು ದಿನ ಒಣಗಿದರೆ ಸಿಮೆಂಟ್. ದೋಸೆ ಹಿಟ್ಟಿನ ಪಾತ್ರೆಗೆ ತಕ್ಷಣ ನೀರು ಹಾಕದಿದ್ದರೆ ಮರುದಿನ ಎಷ್ಟು ಉಜ್ಜಬೇಕು, ಗೊತ್ತಲ್ವಾ?

ನೆನೆಹಾಕುವುದು

ಈ ಕೆಲಸವನ್ನು ಬಿಯರ್ ತುಂಬುವ ಹಿಂದಿನ ದಿನವೇ ಮುಗಿಸಿ. ಒಂದೇ ದಿನ ಎಲ್ಲ ಮಾಡಲು ಹೋದರೆ ಕೊನೆಯ ಹತ್ತು ಬಾಟಲಿಯ ಹೊತ್ತಿಗೆ ಸುಸ್ತಾಗಿ ಕೈ ಅವಸರ ಮಾಡುತ್ತದೆ.

ಪಾತ್ರೆ ತೊಳೆಯುವ ಸೋಪು ಬಳಸಬೇಡಿ. ಕಿರಿದಾದ ಕತ್ತಿನ ಬಾಟಲಿಯಿಂದ ಅದನ್ನು ಪೂರ್ತಿ ತೆಗೆಯುವುದು ಕಷ್ಟ. ಗಾಜಿನ ಮೇಲೆ ಉಳಿದ ತೆಳ್ಳನೆಯ ಪೊರೆ ಬಿಯರ್‌ನ ನೊರೆಯನ್ನು ನಿಲ್ಲಗೊಡುವುದಿಲ್ಲ. ನಿಂಬೆ, ಮಲ್ಲಿಗೆಯ ಪರಿಮಳ ಹಾಕಿದ ಸೋಪಾದರೆ ಆ ವಾಸನೆಯೂ ಬರುತ್ತದೆ.

ಬೇಕಾಗಿರುವುದು ಆಮ್ಲಜನಕ ಬಿಡುವ ಕ್ಷಾರದ ಪುಡಿ. ಹೋಮ್‌ಬ್ರೂ ಅಂಗಡಿಯಲ್ಲಿ ಪಿಬಿಡಬ್ಲ್ಯೂ ಎಂದು ಸಿಗುತ್ತದೆ. ಸೂಪರ್‌ಮಾರ್ಕೆಟ್ಟಿನ ಪರಿಮಳವಿಲ್ಲದ ಆಕ್ಸಿಕ್ಲೀನ್ ಕೂಡ ಆಗುತ್ತದೆ. ಎರಡರಲ್ಲೂ ಕೆಲಸ ಮಾಡುವುದು ಸೋಡಿಯಂ ಪರ್‌ಕಾರ್ಬೊನೇಟ್. ಬಿಸಿನೀರಿಗೆ ಬಿದ್ದಾಗ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಸೋಡಾ ಜಿಡ್ಡನ್ನು ಸಡಿಲಿಸುತ್ತದೆ. ಪೆರಾಕ್ಸೈಡಿನಿಂದ ಬರುವ ಸಣ್ಣ ಗುಳ್ಳೆಗಳು ಕೊಳೆಯನ್ನು ಗಾಜಿನಿಂದ ಎತ್ತುತ್ತವೆ. ನೀವು ಉಜ್ಜಲಾಗದ ಮೂಲೆಯನ್ನು ಅವೇ ಉಜ್ಜುತ್ತವೆ.

ದೊಡ್ಡ ಬಕೆಟ್ಟಿಗೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರು ಹಾಕಿ. ಗ್ಯಾಲನ್ನಿಗೆ ಒಂದು ಔನ್ಸ್ ಪಿಬಿಡಬ್ಲ್ಯೂ, ಅಂದರೆ ಲೀಟರಿಗೆ ಏಳೂವರೆ ಗ್ರಾಮಿನಷ್ಟು, ಕರಗಿಸಿ. ಕೈಗೆ ರಬ್ಬರ್ ಗ್ಲೌಸ್ ಇರಲಿ, ಈ ನೀರು ಚರ್ಮವನ್ನು ಒಣಗಿಸುತ್ತದೆ. ತಣ್ಣನೆಯ ಬಾಟಲಿಯನ್ನು ನೇರವಾಗಿ ತುಂಬಾ ಬಿಸಿನೀರಿಗೆ ಹಾಕಬೇಡಿ, ಸೀಳುತ್ತದೆ. ಮೊದಲು ನಲ್ಲಿಯ ಉಗುರುಬೆಚ್ಚಗಿನ ನೀರಿನಲ್ಲಿ ಒಮ್ಮೆ ಅದ್ದಿ. ಬಾಟಲಿಯನ್ನು ಓರೆಯಾಗಿ ಮುಳುಗಿಸಿ, ಒಳಗಿನ ಗಾಳಿಯೆಲ್ಲ ಬುಳುಬುಳು ಎಂದು ಹೊರಗೆ ಬರಬೇಕು. ಗಾಳಿ ಉಳಿದ ಜಾಗಕ್ಕೆ ನೀರು ತಾಗುವುದಿಲ್ಲ.

ಆಗಲೇ ತೊಳೆದಿಟ್ಟ ಬಾಟಲಿಗೆ ಅರ್ಧ ಗಂಟೆ ಸಾಕು. ಹಳೆಯ ಕೊಳೆಗೆ, ಲೇಬಲ್ ಬಿಡಿಸುವುದಕ್ಕೆ ಕೆಲವು ಗಂಟೆ ಬಿಡಿ. ಎಷ್ಟೋ ಲೇಬಲ್‌ಗಳು ತಾವಾಗಿಯೇ ಕಳಚಿ ತೇಲುತ್ತವೆ. ಅದನ್ನು ನೋಡುವುದೇ ಒಂದು ಖುಷಿ. ಬಿಡದೆ ಇದ್ದರೆ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯಿರಿ. ಹೊರಗಿನ ಲೇಬಲ್ ಉಳಿದರೆ ಬಿಯರ್‌ಗೇನೂ ಆಗುವುದಿಲ್ಲ. ಆದರೆ ಸ್ಯಾನಿಟೈಸರ್ ಬಕೆಟ್ಟಿನಲ್ಲಿ ಮುಳುಗಿಸುವವರು ಅದನ್ನು ತೆಗೆಯಲೇಬೇಕು. ಅರ್ಧ ಹರಿದ ಕಾಗದ ಆ ನೀರನ್ನು ಗಲೀಜು ಮಾಡುತ್ತದೆ.

ಎರಡು ಎಚ್ಚರಿಕೆ. ಈ ದ್ರಾವಣವನ್ನು ಮುಚ್ಚಿದ ಡಬ್ಬಿಯಲ್ಲಿ ಎತ್ತಿಡಬೇಡಿ, ಅನಿಲ ತುಂಬಿ ಡಬ್ಬಿ ಸಿಡಿಯಬಹುದು. ಹಾಗೆಯೇ ಬಾಟಲಿಗಳನ್ನು ದಿನಗಟ್ಟಲೆ ನೆನೆಯಲು ಬಿಡಬೇಡಿ. ಬೋರ್‌ವೆಲ್ ನೀರಿನಂಥ ಗಡಸು ನೀರಿದ್ದರೆ ಗಾಜಿನ ಮೇಲೆ ಬಿಳಿ ಪುಡಿಯ ಪದರ ಕೂರುತ್ತದೆ. ಕೂತರೆ ಗಾಬರಿ ಬೇಡ, ವಿನೆಗರ್ ಬೆರೆಸಿದ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬಿಡುತ್ತದೆ.

ಬ್ರಷ್, ನೀರು, ಕಣ್ಣು

ನೆನೆದ ಬಾಟಲಿಯೊಳಗೆ ಉದ್ದ ಬ್ರಷ್ ಇಳಿಸಿ. ತಳದ ಅಂಚಿಗೆ ತಾಗುವಂತೆ ಬ್ರಷ್ಷಿನ ತುದಿಯನ್ನು ಸ್ವಲ್ಪ ಬಗ್ಗಿಸಿಕೊಳ್ಳಿ. ಕೊಳೆ ಕೂರುವುದು ಎರಡೇ ಕಡೆ: ತಳ ಮತ್ತು ಗೋಡೆ ಸೇರುವ ಅಂಚಿನಲ್ಲಿ, ಮತ್ತು ಭುಜದಿಂದ ಕತ್ತು ಶುರುವಾಗುವ ತಿರುವಿನಲ್ಲಿ. ನಡುವಿನ ನೇರ ಗೋಡೆಯನ್ನು ಎಷ್ಟು ಉಜ್ಜಿದರೂ ಪ್ರಯೋಜನ ಕಡಿಮೆ. ಈ ಎರಡು ಜಾಗದಲ್ಲಿ ಹತ್ತು ಸುತ್ತು ತಿರುಗಿಸಿ.

ನಂತರ ನೀರು. ನಲ್ಲಿಗೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಬಾಟಲಿ ವಾಷರ್ ಸಿಗುತ್ತದೆ. ಬಾಟಲಿಯನ್ನು ಅದರ ಮೇಲೆ ಒತ್ತಿದರೆ ನೀರು ರಭಸವಾಗಿ ತಳಕ್ಕೆ ಬಡಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಾನು ಕೊಂಡ ಸಾಮಾನುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಇಲ್ಲದಿದ್ದರೆ ಕಾಲು ಭಾಗ ನೀರು ತುಂಬಿ, ಅಂಗೈಯಿಂದ ಬಾಯಿ ಮುಚ್ಚಿ, ಜೋರಾಗಿ ಕುಲುಕಿ ಚೆಲ್ಲಿ. ಮೂರು ಸಲ. ಗಾಜಿನ ಮೇಲೆ ಬೆರಳು ಆಡಿಸಿದಾಗ ಜಾರಿದರೆ ಕ್ಷಾರ ಇನ್ನೂ ಇದೆ. ಕಿರ್ ಎಂದು ಸದ್ದು ಬಂದರೆ ಹೋಗಿದೆ.

ಈಗ ನೋಡುವ ಕೆಲಸ. ಟೇಬಲ್ ಮೇಲೆ ಮೊಬೈಲ್ ಟಾರ್ಚ್ ಹಚ್ಚಿ ಮೇಲ್ಮುಖವಾಗಿ ಇಡಿ. ಬಾಟಲಿಯನ್ನು ಅದರ ಮೇಲೆ ನಿಲ್ಲಿಸಿ, ಬಾಯಿಂದ ಒಳಗೆ ಇಣುಕಿ. ಚೊಕ್ಕಟವಾದ ಗಾಜು ಜೇನಿನ ಬಣ್ಣದಲ್ಲಿ ಒಂದೇ ಸಮ ಹೊಳೆಯುತ್ತದೆ. ಕೊಳೆ ಇದ್ದರೆ ಅದರ ನೆರಳು ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಕಪ್ಪು ಕಂಡದ್ದು ಮತ್ತೆ ಬಕೆಟ್ಟಿಗೆ. ಎರಡನೇ ಸಲವೂ ಬಿಡದಿದ್ದರೆ ಆ ಬಾಟಲಿಯ ಆಸೆ ಬಿಡಿ. ಹತ್ತು ಸೆಂಟ್ಸಿಗೆ ವಾಪಸ್ ಹೋಗಲಿ.

ಪಾಸಾದವನ್ನು ತಲೆಕೆಳಗಾಗಿ ಒಣಗಿಸಿ. ನಮ್ಮಮ್ಮ ಉಪ್ಪಿನಕಾಯಿ ಜಾಡಿಯನ್ನು ಬಿಸಿಲಲ್ಲಿ ಕವುಚಿ ಹಾಕುತ್ತಿದ್ದರು, ಒಂದು ಹನಿ ತೇವ ಉಳಿದರೂ ಮಿಡಿ ತುಂಬುತ್ತಿರಲಿಲ್ಲ. ಬಿಯರ್ ಬಾಟಲಿಗೆ ಅಷ್ಟು ಒಣಗಿರಬೇಕಿಲ್ಲ, ಮರುದಿನವೇ ತುಂಬುವುದಾದರೆ. ಆದರೆ ವಾರಗಟ್ಟಲೆ ಎತ್ತಿಡುವುದಾದರೆ ಪೂರ್ತಿ ಒಣಗಿಸಿ, ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಧೂಳು, ಜೇಡ ಯಾವುದೂ ಒಳಗೆ ಹೋಗಬಾರದು.

ತುಂಬುವ ದಿನ: ಸ್ಯಾನಿಟೈಸರ್

ನಾನು ಬಳಸುವುದು ಸ್ಟಾರ್ ಸ್ಯಾನ್. ಫಾಸ್ಫಾರಿಕ್ ಆಮ್ಲದ ಜೊತೆ ನೊರೆ ಬರಿಸುವ ಇನ್ನೊಂದು ಆಮ್ಲ ಸೇರಿಸಿ ಮಾಡಿದ ದ್ರವ. ಐದು ಗ್ಯಾಲನ್ ನೀರಿಗೆ ಒಂದು ಔನ್ಸ್, ಅಂದರೆ 19 ಲೀಟರಿಗೆ 30 ಮಿ.ಲೀ. ಸ್ವಲ್ಪ ಮಾಡಿಕೊಳ್ಳುವುದಾದರೆ ಲೀಟರಿಗೆ ಒಂದೂವರೆ ಮಿ.ಲೀ., ಔಷಧಿ ಅಂಗಡಿಯ ಸಿರಿಂಜಿನಲ್ಲಿ ಅಳೆಯಿರಿ. ಕಣ್ಣಂದಾಜು ಬೇಡ. ಜಾಸ್ತಿ ಹಾಕಿದರೆ ಜಾಸ್ತಿ ಶುದ್ಧ ಆಗುವುದಿಲ್ಲ, ತೊಳೆಯದೆ ಬಿಡುವ ಹಾಗಿಲ್ಲ ಎಂಬ ಮಟ್ಟಕ್ಕೆ ಹೋಗುತ್ತದೆ ಅಷ್ಟೇ. ನೀರು ಬೆರೆಸದ ಸ್ಟಾರ್ ಸ್ಯಾನ್ ಚರ್ಮ ಸುಡುತ್ತದೆ, ಮಾರ್ಬಲ್ ಮೇಲೆ ಬಿದ್ದರೆ ಕಲೆ ಕೂರುತ್ತದೆ. ಗ್ಲೌಸ್ ಹಾಕಿಕೊಂಡೇ ಮುಟ್ಟಿ.

ಒಳಗೆ ಎಲ್ಲ ಕಡೆ ಒದ್ದೆಯಾಗಿ ಒಂದೆರಡು ನಿಮಿಷ ಇರಬೇಕು. ಬಾಟಲಿ ತುಂಬ ದ್ರವ ಬೇಕಿಲ್ಲ. ಕೆಳಗೆ ಬಟ್ಟಲು, ನಡುವೆ ಕೊಳವೆ ಇರುವ ಸಣ್ಣ ಪಂಪು ಸಿಗುತ್ತದೆ, ಬಾಟಲಿಯನ್ನು ಕವುಚಿ ನಾಲ್ಕೈದು ಸಲ ಒತ್ತಿದರೆ ದ್ರವ ಒಳಗೆಲ್ಲ ಚಿಮ್ಮುತ್ತದೆ. ಹೀಗೆ ಮಾಡಿದರೆ ಐವತ್ತು ಬಾಟಲಿಗೆ ಒಂದೆರಡು ಲೀಟರ್ ದ್ರವವೇ ಸಾಕು.

ನಂತರ ಕವುಚಿ ಬಸಿಯಲು ಬಿಡಿ. ನೀರಲ್ಲಿ ತೊಳೆಯಬೇಡಿ. ನೊರೆ ಉಳಿದಿರುತ್ತದೆ, ನೋಡಿದರೆ ಎದೆ ಝಲ್ ಎನ್ನುತ್ತದೆ. ಮೊದಲ ಸಲ ನಾನೂ ಹೆದರಿ ನಲ್ಲಿ ನೀರಲ್ಲಿ ತೊಳೆದಿದ್ದೆ. ಹಾಗೆ ಮಾಡಿದರೆ ನಲ್ಲಿ ನೀರಿನಲ್ಲಿ ಇರಬಹುದಾದ ಜೀವಿಗಳನ್ನು ಮತ್ತೆ ಒಳಗೆ ಬಿಟ್ಟ ಹಾಗಾಯಿತು. ಹೇಳಿದ ಅಳತೆಯಲ್ಲಿ ಬೆರೆಸಿದ್ದರೆ ಆ ನೊರೆ ರುಚಿಗೂ ಆರೋಗ್ಯಕ್ಕೂ ತೊಂದರೆಯಿಲ್ಲ. ಕೋಲಾ ಪಾನೀಯಗಳಲ್ಲಿ ಹಾಕುವುದೂ ಫಾಸ್ಫಾರಿಕ್ ಆಮ್ಲವನ್ನೇ.

ಇದು ಕೆಲಸ ಮಾಡುವುದು ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 3ಕ್ಕಿಂತ ಕೆಳಗಿದ್ದಾಗ. ಪೋರ್ಟ್‌ಲ್ಯಾಂಡಿಗೆ ಬುಲ್ ರನ್ ಎಂಬ ಕಾಡಿನ ಜಲಾಶಯಗಳಿಂದ ಬರುವ ನೀರು ಬಹಳ ಮೃದು, ಅದರಲ್ಲಿ ಬೆರೆಸಿದ ದ್ರಾವಣ ತಿಳಿಯಾಗಿಯೇ ಇರುತ್ತದೆ. ಗಡಸು ನೀರಿನ ಊರಲ್ಲಿ ಬೇಗ ಹಾಲಿನಂತೆ ಮಬ್ಬಾಗುತ್ತದೆ. ಮಬ್ಬಾದರೆ ಪಿಎಚ್ ಪಟ್ಟಿಯಿಂದ ನೋಡಿ, ಅಥವಾ ಡಿಸ್ಟಿಲ್ಡ್ ನೀರಲ್ಲಿ ಬೆರೆಸಿ.

ಬೇರೆ ದಾರಿಗಳೂ ಇವೆ. ಅಯೋಡಿನ್‌ನಿಂದ ಮಾಡಿದ ಅಯೋಡೋಫೋರ್ ಎಂಬ ದ್ರವ ಒಳ್ಳೆಯದೇ. 19 ಲೀಟರಿಗೆ 15 ಮಿ.ಲೀ., ಕನಿಷ್ಠ ಎರಡು ನಿಮಿಷ, ನಂತರ ಬಸಿದು ಒಣಗಲು ಬಿಡಬೇಕು. ತಿಳಿ ಚಹಾದ ಬಣ್ಣ ಇರುತ್ತದೆ. ಬಣ್ಣ ಹೋದರೆ ಶಕ್ತಿ ಹೋಯಿತು ಎಂದು ತಿಳಿಯುವುದು ಇದರ ಅನುಕೂಲ, ಪ್ಲಾಸ್ಟಿಕ್ಕಿಗೆ ಕಲೆ ಹಿಡಿಯುವುದು ಅನನುಕೂಲ.

ಓವನ್‌ನಲ್ಲೂ ಮಾಡಬಹುದು. ಒಣಗಿದ ಬಾಟಲಿಯ ಬಾಯಿಗೆ ಫಾಯಿಲ್ ಸುತ್ತಿ, ತಣ್ಣನೆಯ ಓವನ್‌ನಲ್ಲಿ ಮಲಗಿಸಿ, ನಿಧಾನವಾಗಿ 170 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಒಂದು ಗಂಟೆ ಇಡಿ. ನಂತರ ಬಾಗಿಲು ತೆರೆಯದೆ ರಾತ್ರಿಯಿಡೀ ಆರಲು ಬಿಡಿ. ಅವಸರ ಮಾಡಿದರೆ ಗಾಜು ಬಿರಿಯುತ್ತದೆ. ಫಾಯಿಲ್ ತೆಗೆಯುವವರೆಗೂ ಒಳಗೆ ಶುದ್ಧವಾಗಿಯೇ ಇರುವುದರಿಂದ ಬಿಡುವಿದ್ದಾಗ ಮಾಡಿಡಬಹುದು.

ಡಿಶ್‌ವಾಷರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದರ ನೀರು ಕಿರಿದಾದ ಕತ್ತಿನೊಳಗೆ ಸರಿಯಾಗಿ ಹೋಗುವುದಿಲ್ಲ, ಹಾಗಾಗಿ ತೊಳೆಯಲು ಆಗದು. ಮೊದಲೇ ತೊಳೆದವನ್ನು ಸೋಪು, ರಿನ್ಸ್ ಏಡ್ ಯಾವುದೂ ಇಲ್ಲದೆ ಹೆಚ್ಚು ಬಿಸಿಯ ಸುತ್ತಿನಲ್ಲಿ ಇಡಬಹುದು, ಅಷ್ಟೇ.

ಬ್ಲೀಚ್ ಬೇಡವೇ ಬೇಡ ಎನ್ನುತ್ತೇನೆ. ಅಗ್ಗ ನಿಜ. ಆದರೆ ಸ್ವಲ್ಪ ಉಳಿದರೂ ಅದರ ಕ್ಲೋರಿನ್ ಬಿಯರ್‌ನ ಫೀನಾಲ್‌ಗಳ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಡೆಟಾಲ್‌ನ ಮುಖ್ಯ ಅಂಶವೂ ಅದೇ ಜಾತಿಯದು, ವಾಸನೆ ಹೇಗಿರುತ್ತದೆ ಎಂದು ಇನ್ನು ಹೇಳಬೇಕಿಲ್ಲ. ಅದಕ್ಕಿಂತ ಮುಖ್ಯ: ಬ್ಲೀಚಿಗೆ ವಿನೆಗರ್, ಸ್ಟಾರ್ ಸ್ಯಾನ್ ಅಥವಾ ಯಾವ ಆಮ್ಲ ಬೆರೆತರೂ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಎರಡನ್ನೂ ಒಂದೇ ಸಿಂಕಿನ ಹತ್ತಿರ ಇಡಬೇಡಿ.

ಬಾಟಲಿ ಮಾತ್ರ ಅಲ್ಲ

ಕ್ರೌನ್ ಮುಚ್ಚಳಗಳನ್ನು, ಅಂದರೆ ಒತ್ತಿ ಕೂರಿಸುವ ಲೋಹದ ಮುಚ್ಚಳಗಳನ್ನು, ಕುದಿಸಬೇಡಿ, ಒಳಗಿನ ಪದರ ಹಾಳಾಗಬಹುದು. ಒಂದು ಬಟ್ಟಲು ಸ್ಟಾರ್ ಸ್ಯಾನ್‌ನಲ್ಲಿ ಹಾಕಿಟ್ಟು ಒಂದೊಂದೇ ತೆಗೆದು ಒತ್ತಿ. ಕಂಬಿಯಿಂದ ಬಿಗಿಯುವ ಬಿರಡೆಯ ಬಾಟಲಿಯಾದರೆ ರಬ್ಬರ್ ಉಂಗುರವನ್ನು ಕಳಚಿ ತೊಳೆಯಿರಿ. ಅದರ ಕೆಳಗೆ ಲೋಳೆ ಕೂತಿರುತ್ತದೆ. ಬಿರುಕು ಬಿಟ್ಟ ಉಂಗುರ ಬದಲಿಸಿ.

ಎಲ್ಲರೂ ಮರೆಯುವುದು ಬಾಟಲಿಗೆ ಬಿಯರ್ ಇಳಿಸುವ ಬಕೆಟ್ಟಿನ ನಲ್ಲಿಯನ್ನು. ಬಾಟಲಿಗೆ ಹೋಗುವ ಪ್ರತಿ ಹನಿಯೂ ಅದರ ಮೂಲಕವೇ ಹೋಗಬೇಕು. ಹೊರಗಿನಿಂದ ಹೊಸದರಂತೆ ಕಾಣುತ್ತದೆ. ಪ್ಲಾಸ್ಟಿಕ್ ನಲ್ಲಿಯ ಒಳಗಿನ ತಿರುಗುವ ತುಂಡನ್ನು ಬಿಸಿನೀರಿನಲ್ಲಿ ಸ್ವಲ್ಪ ಮೆದುವಾಗಿಸಿ ಹಿಂದಿನಿಂದ ತಳ್ಳಿದರೆ ಹೊರಗೆ ಬರುತ್ತದೆ. ಮೊದಲ ಸಲ ತೆಗೆದಾಗ ಆ ಎರಡು ತುಂಡುಗಳ ನಡುವೆ ಬೂದು ಬಣ್ಣದ, ಬೆರಳಿಗೆ ಎಳೆಎಳೆಯಾಗಿ ಬರುವ ಲೋಳೆ ಸಿಕ್ಕಿತು. ಎಷ್ಟು ಬ್ಯಾಚ್ ಅದರ ಮೇಲೆ ಹರಿದಿತ್ತೋ. ಈಗ ಪ್ರತಿ ಸಲ ಬಿಚ್ಚಿ ಪಿಬಿಡಬ್ಲ್ಯೂನಲ್ಲಿ ನೆನೆಹಾಕಿ, ಸ್ಟಾರ್ ಸ್ಯಾನ್‌ನಲ್ಲಿ ಅದ್ದಿ ಜೋಡಿಸುತ್ತೇನೆ. ತುಂಬುವ ಕೊಳವೆ, ಅದರ ತುದಿಯ ವಾಲ್ವು ಎಲ್ಲಕ್ಕೂ ಇದೇ ಕ್ರಮ.

ತುಂಬಿದ ಮೇಲೆ

ಮುಚ್ಚಳ ಹಾಕಿದ ಬಾಟಲಿಗಳನ್ನು ಮುಚ್ಚುವ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ ಇಡಿ. ಒಂದು ಸಿಡಿದರೂ ಗಾಜು ಪೆಟ್ಟಿಗೆಯೊಳಗೇ ಉಳಿಯುತ್ತದೆ. ಎರಡು ವಾರದ ನಂತರ ಒಂದೊಂದನ್ನೇ ಎತ್ತಿ ಕತ್ತಿನ ಹತ್ತಿರ ನೋಡಿ. ಬಿಯರ್‌ನ ಮಟ್ಟಕ್ಕೆ ಸರಿಯಾಗಿ ಗಾಜಿನ ಮೇಲೆ ಬಿಳಿ ಉಂಗುರ ಕಂಡರೆ ಸೋಂಕು ಹತ್ತಿರಬಹುದು. ಅಂಥದ್ದನ್ನು ಬೇರೆ ಮಾಡಿ ಫ್ರಿಜ್‌ನಲ್ಲಿಟ್ಟು ಪೂರ್ತಿ ತಣ್ಣಗಾದ ಮೇಲೆ ತೆರೆಯಿರಿ. ದಪ್ಪ ಟವೆಲ್ ಸುತ್ತಿ, ಸಿಂಕಿನೊಳಗೆ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ತೆರೆಯಿರಿ.

ಒಂದೆರಡು ಬಾಟಲಿ ಮಾತ್ರ ಕೆಟ್ಟಿದ್ದರೆ ತಪ್ಪು ಆ ಬಾಟಲಿಯದು. ಇಡೀ ಬ್ಯಾಚ್ ಕೆಟ್ಟಿದ್ದರೆ ನಲ್ಲಿ, ಕೊಳವೆ, ಬಕೆಟ್ಟನ್ನು ಅನುಮಾನಿಸಿ. ಸೋಂಕು ತಗುಲಿದ ಗಾಜಿನ ಬಾಟಲಿಯನ್ನು ಎಸೆಯಬೇಕಿಲ್ಲ, ಬಿಸಿ ಪಿಬಿಡಬ್ಲ್ಯೂನಲ್ಲಿ ಒಂದು ರಾತ್ರಿ ನೆನೆಸಿ, ಉಜ್ಜಿ, ಓವನ್‌ನಲ್ಲಿ ಕಾಯಿಸಿ ಮತ್ತೆ ಬಳಸಬಹುದು. ಗೀರು ಬಿದ್ದ ಪ್ಲಾಸ್ಟಿಕ್ ಕೊಳವೆ, ನಲ್ಲಿ, ಬಕೆಟ್ಟುಗಳನ್ನು ಮಾತ್ರ ಉಳಿಸಿಕೊಳ್ಳಬೇಡಿ. ಆ ಗೀರಿನೊಳಗೆ ಬ್ರಷ್ಷೂ ಹೋಗುವುದಿಲ್ಲ, ಸ್ಯಾನಿಟೈಸರ್ ಕೂಡ ಸರಿಯಾಗಿ ಇಳಿಯುವುದಿಲ್ಲ.